ಟೊಮೆಟೊ ಟೈಮು

(ವಿಜಯನಗರದ ಒಂದು ಪಿ.ಜಿ.ಯಲ್ಲಿ ಕೆ.ಎ.ಎಸ್. ಅಭ್ಯರ್ಥಿ ಗೋಡೆಗೆ ವೇಳಾಪಟ್ಟಿ ಅಂಟಿಸುತ್ತಿದ್ದಾನೆ. ಗೋಡೆ ಎಂದಿನಂತೆ ಸಹಿಸಿಕೊಂಡಿದೆ. ಕೆಂಗೇರಿಯಿಂದ ಮೆಟ್ರೊದಲ್ಲಿ ಬಂದ ಸೋದರಮಾವ ಚಪ್ಪಲಿ ಬಿಡುತ್ತಾರೆ.)

ಮಾವ: ಏನೋ ಇದು, ಇಷ್ಟೊಂದು ಬಣ್ಣ?

ಅಳಿಯ: ಹಸಿರು ಇತಿಹಾಸಕ್ಕೆ, ಕೆಂಪು ಅರ್ಥಶಾಸ್ತ್ರಕ್ಕೆ, ಹಳದಿ ಧ್ಯಾನಕ್ಕೆ.

ಮಾವ: ಓದಿದ್ದೆಷ್ಟು?

ಅಳಿಯ: ನೇರಳೆ ಸ್ಕೆಚ್ ಪೆನ್ನು ಇನ್ನೂ ಸಿಕ್ಕಿಲ್ಲ ಮಾವ.

ಮಾವ: ಈ ಟೊಮೆಟೊ ಯಾಕೆ ಟಿಕ್‌ಟಿಕ್ ಅಂತಿದೆ?

ಅಳಿಯ: ಅದು ಟೈಮರ್ ಮಾವ. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ 1980ರ ದಶಕದಲ್ಲಿ ಕಂಡುಕೊಂಡ ವಿಧಾನ. 25 ನಿಮಿಷ ಓದು, 5 ನಿಮಿಷ ವಿರಾಮ.

ಮಾವ: ವಿರಾಮದಲ್ಲಿ?

ಅಳಿಯ: ಕೆಳಗೆ ಬೈಟು ಕಾಫಿ. ಕೋಚಿಂಗ್ ಗೆಳೆಯರ ಜೊತೆ, ಪರೀಕ್ಷೆ ಮುಂದಕ್ಕೆ ಹೋಗುತ್ತಾ ಅಂತ ಚರ್ಚೆ.

ಮಾವ: ಐದೇ ನಿಮಿಷದಲ್ಲಾ?

ಅಳಿಯ: ಟೊಮೆಟೊ ರೂಮಲ್ಲಿರತ್ತೆ, ಕೇಳಿಸಲ್ಲ.

ಮಾವ: ಮೊಬೈಲು?

ಅಳಿಯ: ಬೀರುವಲ್ಲಿಟ್ಟು ಬೀಗ ಹಾಕ್ತೀನಿ.

ಮಾವ: ಭೇಷ್! ಬೀಗದಕೈ?

ಅಳಿಯ: ಜೇಬಲ್ಲಿ.

ಮಾವ: ಹಂಪಿನಗರದ ಲೈಬ್ರರೀಲಿ ಕೂತ್ಕೋಬಾರದೇನೋ?

ಅಳಿಯ: ಅಲ್ಲಿ ಎಲ್ಲರೂ ಓದ್ತಿರ್ತಾರೆ ಮಾವ, ಏಕಾಗ್ರತೆ ಕೆಡತ್ತೆ.

ಮಾವ: ಸರಿ, ಬೆಳಗ್ಗೆ ಐದಕ್ಕೆ ಏಳೋದು ಯಾವತ್ತಿಂದ?

ಅಳಿಯ: ಸೋಮವಾರದಿಂದ.

ಮಾವ: ಇವತ್ತೇ ಸೋಮವಾರ ಕಣೋ! ಹೊತ್ತು ಹನ್ನೊಂದಾಯ್ತು.

ಅಳಿಯ: ಹೌದಾ? ಹಾಗಾದ್ರೆ ಪಟ್ಟಿ ಹೊಸದಾಗಿ ಬರೀಬೇಕು. ಬನ್ನಿ ಮಾವ, ಹಾಳೆ ತರೋಣ, ದಾರೀಲಿ ಬೈಟು.