ಅಭಾವ ವ್ಯಾಪಾರ: ವಿಡಿಯೋ ಗೇಮ್ ಪ್ರಚಾರದ ಒಂದು ತಾತ್ವಿಕ ವಿವೇಚನೆ (ಅಣ್ಣಾ ನಗರವನ್ನು ಅನುಲಕ್ಷಿಸಿ)

ವಿಡಿಯೋ ಗೇಮ್ ಎಂಬ ಪದಾರ್ಥವನ್ನು ಅದರ ಇರವಿನಿಂದಲ್ಲ, ಇಲ್ಲದಿರುವಿಕೆಯಿಂದ ವಿವೇಚಿಸುವುದು ಶಾಸ್ತ್ರಸಮ್ಮತ. ಅಭಾವ ನಾಲ್ಕು ಬಗೆ ಎಂದು ಅನ್ನಂಭಟ್ಟನ ತರ್ಕಸಂಗ್ರಹ ಹೇಳುತ್ತದೆ: ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವ. ಗೇಮ್ ಕಂಪನಿಗಳ ಪ್ರಚಾರ ವಿಭಾಗದವರು ನ್ಯಾಯಶಾಸ್ತ್ರ ಓದಿಲ್ಲ ಎನ್ನಲು ಆಧಾರ ಸಾಲದು. ನಾಲ್ಕನ್ನೂ ಅವರು ಮಾರಿದ್ದಾರೆ.

ಕ್ಷೇತ್ರಕಾರ್ಯಕ್ಕೆ ಚೆನ್ನೈನ ಅಣ್ಣಾ ನಗರವನ್ನು ಆರಿಸಿಕೊಳ್ಳಲು ಸೈದ್ಧಾಂತಿಕ ಕಾರಣಗಳಿವೆ. ಆ ಬಡಾವಣೆಯ ಗುರುತಾದ ಗೋಪುರ ಎದ್ದದ್ದೇ 1968ರ ವ್ಯಾಪಾರ ಮೇಳಕ್ಕೆಂದು; ಅಂದರೆ ಅಲ್ಲಿ ಮನೆಗಳಿಗಿಂತ ಮೊದಲು ಪ್ರದರ್ಶನ ಬಂತು. ಗೋಪುರಕ್ಕೆ ವಿಶ್ವೇಶ್ವರಯ್ಯನವರ ಹೆಸರಿರುವುದರಿಂದ ಕನ್ನಡ ಪ್ರಬಂಧಕ್ಕೆ ಅಲ್ಲಿ ಪ್ರವೇಶ ನಿಷಿದ್ಧವೂ ಅಲ್ಲ. ಸಂಜೆ ಟ್ಯೂಷನ್ ಮುಗಿಸಿದ ಹುಡುಗರು ಪಾರ್ಕಿನ ಬೆಂಚುಗಳ ಮೇಲೆ ನಾಲ್ವರ ಸ್ಕ್ವಾಡ್ ಕಟ್ಟಿಕೊಂಡು, ಪಕ್ಕದಲ್ಲೇ ಕೂತವನಿಗೂ ಮೈಕಿನಲ್ಲೇ ಕೂಗಿ ಹೇಳುತ್ತಿರುತ್ತಾರೆ. ತಮಿಳು ಗೆಳೆಯನನ್ನು ‘ಮಚ್ಚಾ’ ಎಂದೂ ಬೆಂಗಳೂರಿನಿಂದ ಆಡುತ್ತಿರುವ ಮಾವನ ಮಗನನ್ನು ‘ಮಗಾ’ ಎಂದೂ ಕರೆಯುವ ಹುಡುಗನನ್ನು ಈ ಪ್ರಬಂಧ ‘ದ್ವಿಭಾಷಿಕ ಸಹೃದಯ’ ಎಂದು ಪರಿಗಣಿಸುತ್ತದೆ. ಮನೆಯಿಂದ ಫೋನ್ ಬಂದಾಗ ಅವನು ಆಡುವ ‘ಒಂದೇ ಮ್ಯಾಚ್ ಅಮ್ಮಾ’ ಎಂಬ ವಾಕ್ಯ ಯಾವ ಪ್ರಮಾಣದಿಂದಲೂ ಸಿದ್ಧವಾಗುವುದಿಲ್ಲ.

ಪ್ರಾಗಭಾವವೆಂದರೆ ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಇದು ಅತ್ಯಂತ ಲಾಭದಾಯಕ, ಏಕೆಂದರೆ ಹುಟ್ಟದ ಆಟದಲ್ಲಿ ಲ್ಯಾಗ್ ಇರುವುದಿಲ್ಲ. ಈ ಘಟ್ಟದ ಸಾಹಿತ್ಯಪ್ರಕಾರ ಟ್ರೇಲರ್. ಅದರ ಮೂಲೆಯಲ್ಲಿ ಇದು ಆಟದ ನಿಜ ದೃಶ್ಯವಲ್ಲ ಎಂಬ ಅಣುಪ್ರಮಾಣದ ಒಕ್ಕಣೆ ಇರುತ್ತದೆ. ಇಲ್ಲಿ ರಸಮೀಮಾಂಸಕ ಶಂಕುಕನ ಚಿತ್ರತುರಗ ನ್ಯಾಯ ಅನ್ವಯಿಸುತ್ತದೆ: ಚಿತ್ರದ ಕುದುರೆಯನ್ನು ಕಂಡವನ ಅರಿವು ಸತ್ಯವಲ್ಲ, ಮಿಥ್ಯೆಯಲ್ಲ, ಸಂಶಯವಲ್ಲ, ಸಾದೃಶ್ಯವೂ ಅಲ್ಲ. ಆ ಕುದುರೆಗೆ ಮುಂಗಡ ಕೊಟ್ಟವನ ವಿಷಯದಲ್ಲಿ ಮಾತ್ರ ಶಂಕುಕ ಮೌನಿ. 2012ರಲ್ಲಿ ಘೋಷಣೆಯಾದ ‘ಸೈಬರ್‌ಪಂಕ್ 2077’ 2020ರ ಡಿಸೆಂಬರ್ 10ರಂದು ಬಿಡುಗಡೆಯಾಯಿತು. ಅಷ್ಟರಲ್ಲಿ 80 ಲಕ್ಷ ಮಂದಿ ಮುಂಗಡ ಕೊಟ್ಟಾಗಿತ್ತು. ಹಳೆಯ ಪ್ಲೇಸ್ಟೇಷನ್‌ಗಳಲ್ಲಿ ಅದು ಎಷ್ಟು ಮುಗ್ಗರಿಸಿತೆಂದರೆ ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದು ಹಣ ಮರಳಿಸಬೇಕಾಯಿತು. ಮುಂದೆ ವರ್ಷಗಟ್ಟಲೆ ದುರಸ್ತಿ ನಡೆದು ಅದೇ ಒಳ್ಳೆಯ ಆಟವಾಯಿತು ಎಂಬುದೂ ನಿಜ. ಕಾದವರಿಗೆ ಅರ್ಧ ಬೆಲೆಗೆ ಪೂರ್ತಿ ಆಟ ಸಿಕ್ಕಿತು. ನಂಬಿದವರಿಗೆ ಪೂರ್ತಿ ಬೆಲೆಗೆ ಅರ್ಧ.

ಪ್ರಧ್ವಂಸಾಭಾವವೆಂದರೆ ನಾಶದ ನಂತರದ ಇಲ್ಲದಿರುವಿಕೆ. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಬ್ಜಿ ಮೊಬೈಲ್ ಈ ಪದವಿಗೇರಿತು. ಅದೇ ಆಟ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ 2021ರ ಜುಲೈನಲ್ಲಿ ಮರುಹುಟ್ಟು ಪಡೆದು, 2022ರ ಜುಲೈನಲ್ಲಿ ಮತ್ತೆ ಕಣ್ಮರೆಯಾಗಿ, 2023ರ ಮೇನಲ್ಲಿ ಮತ್ತೆ ಕಾಣಿಸಿತು. ಪ್ರತಿ ಸಲವೂ ಜಾಹೀರಾತಿನ ಕೆಲಸವನ್ನು ನಿಷೇಧವೇ ಮಾಡಿಕೊಟ್ಟಿತು.

ಅನ್ಯೋನ್ಯಾಭಾವವೆಂದರೆ ಘಟವು ಪಟವಲ್ಲ ಎಂಬ ಜ್ಞಾನ. ಪಬ್ಜಿ ನಿಷೇಧವಾಗಿ ಎರಡೇ ದಿನಕ್ಕೆ ನಟ ಅಕ್ಷಯ್ ಕುಮಾರ್ ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನ ‘ಫೌಜಿ’ಯನ್ನು ಘೋಷಿಸಿದರು. ಜಗತ್ತು ಅದನ್ನು ಪಬ್ಜಿಯ ಸ್ವದೇಶಿ ಉತ್ತರ ಎಂದು ಓದಿತು. 2021ರ ಗಣರಾಜ್ಯೋತ್ಸವದಂದು ಇಳಿಸಿಕೊಂಡು ನೋಡಿದರೆ ನೂರು ಮಂದಿ ಧುಮುಕುವ ದ್ವೀಪ ಅಲ್ಲಿರಲಿಲ್ಲ. ಗಲ್ವಾನ್ ಕಣಿವೆಯ ಕಿರುದಾರಿಯಲ್ಲಿ ಒಬ್ಬ ಸೈನಿಕ ಮುಷ್ಟಿಯಿಂದ ಗುದ್ದುತ್ತ ನಡೆಯುತ್ತಿದ್ದ. ಘಟವು ಪಟವಲ್ಲ ಎಂಬ ಜ್ಞಾನೋದಯವಾಗಿ ರೇಟಿಂಗ್‌ನ ನಕ್ಷತ್ರಗಳು ಉದುರಿದವು. ಆದಾಯದ ಶೇಕಡಾ 20ರಷ್ಟು ಹುತಾತ್ಮರ ಕುಟುಂಬಗಳ ‘ಭಾರತ್ ಕೆ ವೀರ್’ ನಿಧಿಗೆ ಎಂದು ಮೊದಲೇ ಸಾರಲಾಗಿತ್ತು. ನಿಧಿಗೆ ಹೋಗುವ ಹಣ ಹೋಗಲಿ. ಆದರೆ 2020ರ ಜೂನ್‌ನಲ್ಲಿ ಗಲ್ವಾನ್‌ನಲ್ಲಿ 20 ಸೈನಿಕರು ಸತ್ತಿದ್ದರು. ಸೆಪ್ಟೆಂಬರ್‌ಗೆ ಆಟದ ಪೋಸ್ಟರ್ ಸಿದ್ಧವಾಗಿತ್ತು. ಇದಕ್ಕೆ ನ್ಯಾಯಶಾಸ್ತ್ರದಲ್ಲಿ ಪದವಿಲ್ಲ. ಆಡುಮಾತಿನಲ್ಲಿ ಇರುವ ಪದ ಅಚ್ಚಿಗೆ ಬರುವಂಥದ್ದಲ್ಲ.

ಅತ್ಯಂತಾಭಾವವೆಂದರೆ ಮೂರು ಕಾಲದಲ್ಲೂ ಇಲ್ಲದಿರುವಿಕೆ. ಅದಕ್ಕೆ ಅಣ್ಣಾ ನಗರದಷ್ಟು ಹದವಾದ ನೆಲ ಮತ್ತೊಂದಿಲ್ಲ. 2022ರ ಫೆಬ್ರವರಿಯಲ್ಲಿ ನಿಷೇಧವಾಗಿದ್ದ ಫ್ರೀ ಫೈರ್, 2023ರ ಸೆಪ್ಟೆಂಬರ್ 5ಕ್ಕೆ ‘ಫ್ರೀ ಫೈರ್ ಇಂಡಿಯಾ’ ಆಗಿ ಬರುತ್ತದೆಂದು ಸಾರಲಾಯಿತು. ರಾಯಭಾರಿ ಧೋನಿ, ಆಟದೊಳಗೂ ಅಭಿಮಾನಿಗಳು ಕರೆಯುವ ‘ತಲಾ’ ಎಂಬ ಹೆಸರಿನ ಪಾತ್ರವಾಗಿ ಅವರೇ. ಚೆನ್ನೈನಲ್ಲಿ ಆ ಹೆಸರಿಟ್ಟರೆ ಇಟ್ಟಿಗೆಯೂ ಮಾರಾಟವಾಗುತ್ತದೆ. ಹಿಂದಿನ ದಿನ ಬಿಡುಗಡೆಯನ್ನು ಕೆಲವು ವಾರ ಮುಂದೂಡಲಾಯಿತು. ಆ ವಾರಗಳು ವರ್ಷ ದಾಟಿದವು.

ಇನ್ನು ಸಹೃದಯರ ವರ್ಗೀಕರಣ. ಮುಂಗಡ ಕೊಡುವವನು ಶ್ರದ್ಧಾಳು. ಸೇಲ್‌ಗೆ ಕಾಯುವವನು ಮುಮುಕ್ಷು. ಪುಕ್ಕಟೆ ಆಡಿ ಒಂದು ನಕ್ಷತ್ರ ಕೊಟ್ಟು ಅದೇ ರಾತ್ರಿ ಮತ್ತೆ ಲಾಗಿನ್ ಆಗುವವನು ಸಂಸಾರಿ. ನಾಲ್ಕನೆಯ ಮತ್ತು ಐದನೆಯ ವರ್ಗಗಳನ್ನು ಹೆಸರಿಸಹೊರಟರೆ ಅದೇ ಹುಡುಗ ತಿಂಗಳ ಮೊದಲ ವಾರ ಒಂದರಲ್ಲೂ ಕೊನೆಯ ವಾರ ಇನ್ನೊಂದರಲ್ಲೂ ಸಿಗುತ್ತಾನೆ. ವರ್ಗೀಕರಣ ಇಲ್ಲಿಗೆ ಸಾಕು.

ಏಕೆಂದರೆ ನಿಜವಾದ ವ್ಯಾಪಾರ ಆಟದ್ದಲ್ಲ, ಕ್ರೇಟಿನದು. ಯುಸಿ ಎಂಬ ಆಟದೊಳಗಿನ ನಾಣ್ಯ ಕೊಂಡು ಪೆಟ್ಟಿಗೆ ಒಡೆಯಬೇಕು. ಬೇಕಾದ ಬಂದೂಕಿನ ಬಣ್ಣ ಬಂದರೆ ಬಂತು, ಬಹುಪಾಲು ಬರುವುದಿಲ್ಲ. ರೂಪಾಯಿಯನ್ನು ಮೊದಲು ಯುಸಿ ಮಾಡಿಸುವುದೇ ಲೆಕ್ಕ ತಪ್ಪಿಸಲಿಕ್ಕೆ. 2019ರಲ್ಲಿ ಬ್ರಿಟನ್ ಸಂಸತ್ತಿನ ಸಮಿತಿಯೊಂದು ಇಂಥ ಪೆಟ್ಟಿಗೆಗಳ ಬಗ್ಗೆ ಕೇಳಿದಾಗ ಇಎ ಎಂಬ ಗೇಮ್ ಕಂಪನಿಯ ಪ್ರತಿನಿಧಿ ಅವುಗಳನ್ನು ‘ಅಚ್ಚರಿಯ ವ್ಯವಸ್ಥೆ’ ಎಂಬರ್ಥದ ಹೆಸರಿನಿಂದ ಕರೆದರು. ಬೆಲ್ಜಿಯಂ ಅದಕ್ಕೂ ಹಿಂದಿನ ವರ್ಷವೇ ಇದು ಜೂಜು ಎಂದಿತ್ತು. ತಮಿಳುನಾಡು ದುಡ್ಡು ಕಟ್ಟಿ ಆಡುವ ಆಟಗಳಿಗೆ ನಡುರಾತ್ರಿಯಿಂದ ಬೆಳಗಿನ 5ರವರೆಗೆ ಬೀಗ ಹಾಕಿತು. 2025ರ ಕೇಂದ್ರ ಕಾಯ್ದೆ ಅಂಥ ಆಟಗಳನ್ನೇ ನಿಷೇಧಿಸಿತು. ಕ್ರೇಟು ಮಾತ್ರ ಹಗಲಿರುಳೂ ತೆರೆದಿದೆ. ಹದಿಮೂರರ ಹುಡುಗನೊಬ್ಬ ಅಜ್ಜಿ ಯುಗಾದಿಗೆ ಕೊಟ್ಟ ದುಡ್ಡನ್ನು ಅಪ್ಪನ ಖಾತೆಗೆ ಹಾಕಿಸಿ, ಅಪ್ಪನ ಯುಪಿಐ ಪಿನ್ ನೋಡಿಟ್ಟುಕೊಂಡು, ಆಮೇಲೆ ಅಜ್ಜಿಯ ದುಡ್ಡಿನ ಗಡಿಯನ್ನೂ ದಾಟಿಬಿಡುತ್ತಾನೆ. ಚೆನ್ನಾಗಿ ಆಡುವ ಹುಡುಗ ಅವನು; ಬೆರಳಲ್ಲಿ ಚುರುಕಿದೆ, ನಕ್ಷೆ ಬಾಯಿಪಾಠ, ಬಿದ್ದ ಗೆಳೆಯನನ್ನು ಎತ್ತಲು ಗುಂಡಿನ ನಡುವೆ ಓಡುತ್ತಾನೆ. ಇಷ್ಟು ಒಳ್ಳೆಯ ಆಟವನ್ನು ಕಟ್ಟಬಲ್ಲವರಿಗೆ ಆಟದ ಬೆಲೆಯನ್ನು ಮಾತ್ರ ಕೇಳಿ ಸುಮ್ಮನಿರಲು ಬರುವುದಿಲ್ಲವಲ್ಲ!

ಉಳಿದದ್ದು ಹಣ ವಾಪಸಾತಿಯ ವಿಧಿ. ಗೂಗಲ್ ಪ್ಲೇನಲ್ಲಿ ಕೊಂಡ 48 ಗಂಟೆಯೊಳಗೆ ಅರ್ಜಿ ಹಾಕಬಹುದು. ಅಪ್ಪ ಬ್ಯಾಂಕಿನ ಎಸ್ಸೆಮ್ಮೆಸ್ ಗಮನಿಸುವುದು ಸ್ಕೂಲ್ ಫೀಸ್ ಕಟ್ಟುವಾಗ. ಆ ಬಳಿಕ ಆಟ ಮಾಡಿದ ಕಂಪನಿಯನ್ನೇ ಕೇಳಬೇಕು.