ಅಂದಾಜಿನ ಈಡು

ಕಮಲಾಪುರದ ನಮ್ಮ ಸೋದರಮಾವನ ಬಂದೂಕಿಗೆ ಹಂದಿಗಳು ಹೆದರುವುದಿಲ್ಲ, ಅಕ್ಕಪಕ್ಕದ ಹೊಲದವರು ಹೆದರುತ್ತಾರೆ. ಕೆಂಪು ಬಾಳೆಯ ತೋಟ ಕಾಯಲೆಂದು ಪರವಾನಗಿ ಪಡೆದ ಒಂಟಿ ನಳಿಗೆಯ ಕೇಪಿನ ಬಂದೂಕು ಅದು. ಮದ್ದು, ನಾರು ಎಲ್ಲವನ್ನೂ ನಳಿಗೆಯ ಬಾಯಿಂದಲೇ ತುಂಬಿ ಗಜಕೋಲಿನಿಂದ ಜಡಿಯಬೇಕು. ಮಾಮಾ ಹಾರಿಸುವುದು ಗಾಳಿಗೆ, ಬರೀ ಸದ್ದಿಗಾಗಿ. ಆ ಸದ್ದೂ ಎರಡು ದಿನ ಒಂದೇ ತರಹ ಬಂದದ್ದಿಲ್ಲ. ಇವತ್ತು ಊರೇ ಎದ್ದು ಕೂಡುವ ಹಾಗೆ ಢಮಾರ್ ಅಂದರೆ, ನಾಳೆ ಫುಸ್ ಅಂದು ಹೊಗೆ ಬಿಟ್ಟು ಸುಮ್ಮನಾಗುತ್ತದೆ. ಇಡೀ ವ್ಯವಹಾರದಲ್ಲಿ ಒಂದೇ ಸಮ ನಡೆಯುವುದು ಹಂದಿಗಳು ಬರುವ ಹೊತ್ತು ಮಾತ್ರ.

ಕಾರಣ ಮಾಮಾನ ಅಳತೆ. ಅದು ಯಾವುದೋ ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳ. ಗೆರೆಗಳೆಲ್ಲ ಸವೆದು 5 ಎಲ್ಲಿ, 10 ಎಲ್ಲಿ ತಿಳಿಯುವುದಿಲ್ಲ. ಮಾತಾಡುತ್ತ ತುಂಬಿದರೆ ಮದ್ದು ಗೋಪುರ ಕಟ್ಟುತ್ತದೆ, ಅಂಗಡಿಯವನು ರೇಟು ಏರಿಸಿದ ವಾರ ಅಂಚಿಗಿಂತ ಕೆಳಗೇ ನಿಲ್ಲುತ್ತದೆ. ಸಿಟ್ಟು ಬಂದಾಗ ಮುಚ್ಚಳವನ್ನು ಕಟ್ಟೆಗೆ ನಾಲ್ಕು ಸಲ ಕುಟ್ಟುತ್ತಾರೆ. ಮದ್ದು ಒತ್ತಿ ಕೂತು ಇನ್ನಷ್ಟಕ್ಕೆ ಜಾಗ ಆಗುತ್ತದೆ. ಸದ್ದು ಕೇಳಿದರೆ ಸಾಕು, ಮನೆಯಲ್ಲಿ ಕೂತ ಅತ್ತೆಗೆ ಮಾಮಾನ ಅವತ್ತಿನ ಮೂಡು ಗೊತ್ತಾಗುತ್ತದೆ.

"ತೂಗಿ ತುಂಬ್ರಿ ಮಾಮಾ" ಎಂದರೆ, "ನಿಮ್ಮವ್ವ ಹಿಟ್ಟು ತೂಗಿ ರೊಟ್ಟಿ ಬಡೀತಾಳೇನೋ?" ಎನ್ನುತ್ತಾರೆ. ಮಾತು ಸುಳ್ಳಲ್ಲ. ನಮ್ಮವ್ವನ ಜೋಳದ ರೊಟ್ಟಿ ಪೇರಿಸಿಟ್ಟರೆ ಅಂಚಿಗೆ ಅಂಚು ಕೂಡುತ್ತದೆ. ಆದರೆ ಅವ್ವನಿಗೆ ದಿನಾ ಎರಡು ಹೊತ್ತಿನ ರೂಢಿ ಇದೆ. ದಪ್ಪಾದ ರೊಟ್ಟಿಯನ್ನು ದನಕ್ಕಾದರೂ ಹಾಕಬಹುದು. ಹೆಚ್ಚಾದ ಮದ್ದನ್ನು ನಳಿಗೆ ಬೇರೆ ಯಾರಿಗೂ ಹಾಕುವುದಿಲ್ಲ, ಹಿಡಿದವನ ಮುಖಕ್ಕೇ ಹಾಕುತ್ತದೆ.

ಪರದೇಶದ ರೈಫಲ್ ಗುರಿಕಾರರಿಗೆ ಮದ್ದು ತೂಗಿ ತುಂಬುವುದೇ ಒಂದು ತಪಸ್ಸು. ಹಾರಿಸಿದ ತೋಟಾದ ಹಿತ್ತಾಳೆ ಕೋಶ ಆರಿಸಿ ತಂದು, ಕೇಪು ಬದಲಿಸಿ, ಮದ್ದು ಹೊಯ್ದು, ಹೊಸ ಗುಂಡು ಕೂಡಿಸುತ್ತಾರೆ. ಮದ್ದಿನ ತೂಕ ಗ್ರೇನಿನಲ್ಲಿ. ಅದರಲ್ಲೂ ಹತ್ತನೇ ಒಂದು ಪಾಲು, ಅಂದರೆ ಸುಮಾರು ಆರೂವರೆ ಮಿಲಿಗ್ರಾಂ ಆಚೀಚೆ ಆದರೆ ಅವರಿಗೆ ನಿದ್ದೆ ಇಲ್ಲ. ಸರಾಫರ ಹಳೆಯ ಲೆಕ್ಕದಲ್ಲಿ ತೊಲಕ್ಕೆ 96 ಗುಲಗಂಜಿ. ಅಂಥ ಒಂದು ಗುಲಗಂಜಿಯನ್ನು ಹತ್ತೊಂಬತ್ತು ಹೋಳು ಮಾಡಿದರೆ ಒಂದು ಹೋಳು ಹೆಚ್ಚುಕಮ್ಮಿ ಇಷ್ಟು ತೂಗೀತು. ಅದೂ ಸಾಲದೆ ಕೋಶಗಳನ್ನು ಕಾರ್ಖಾನೆವಾರು ಬೇರೆ ಇಡುತ್ತಾರೆ. ಗೋಡೆ ದಪ್ಪಗಿದ್ದ ಕೋಶದ ಒಳಗೆ ಜಾಗ ಕಡಿಮೆ, ಅಷ್ಟೇ ಮದ್ದಿಗೆ ಒತ್ತಡ ಹೆಚ್ಚು. ಇಷ್ಟೆಲ್ಲ ಮಾಡುವವರಿಗೆ ಬೇಕಾದದ್ದು ಜೋರಲ್ಲ. ಒಂದೇ ವೇಗದಲ್ಲಿ ಹೊರಟ ಗುಂಡುಗಳು ಒತ್ತಟ್ಟಿಗೆ ಬೀಳುತ್ತವೆ. ಒಂದು ಜೋರು, ಒಂದು ಮೆಲ್ಲಗೆ ಹೋದರೆ ದೂರದ ಗುರಿಯಲ್ಲಿ ಮೇಲೆ ಕೆಳಗೆ ಚದುರುತ್ತವೆ. ಗುಂಡಿನ ವೇಗ ಅಳೆಯುವ ಉಪಾಯವನ್ನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲೇ ಬರೆದಿಟ್ಟ: ತೂಗುಬಿಟ್ಟ ಭಾರಕ್ಕೆ ಹೊಡೆದು ಅದು ಎಷ್ಟು ದೂರ ತೂಗಿತು ಎಂದು ನೋಡುವುದು. ಇದನ್ನು ವಿವರಿಸಿದಾಗ ಮಾಮಾ, "ನಮ್ಮ ಬಾಳೆಗೊನಿಗೆ ಹೊಡಿ, ಅದೂ ತೂಗ್ತದ" ಎಂದರು.

ನಮ್ಮಲ್ಲಿ ಆ ತಪಸ್ಸಿಗೆ ಮನೆಯಲ್ಲಿ ಕೂಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಚುನಾವಣೆ ಬಂತೆಂದರೆ ಮಾಮಾನ ಬಂದೂಕೂ ಠಾಣೆ ಸೇರುತ್ತದೆ. ಹಂದಿಗಳಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲವಾದ್ದರಿಂದ ಆ ತಿಂಗಳು ಗೊನೆಗಳ ಲೆಕ್ಕ ಕೇಳಬಾರದು.

ಅಂದಾಜು ಮಾಮಾನೊಬ್ಬನ ಸೊತ್ತೂ ಅಲ್ಲ. ಕಲಬುರಗಿ ಕೋಟೆಯ ಬಾರಾ ಗಜಿ ತೋಪು ಹೆಸರಿಗೆ 12 ಗಜ. ಬಟ್ಟೆ ಅಂಗಡಿಯ ಗಜ ಹಿಡಿದರೆ 36 ಅಡಿ ಆಗಬೇಕು. ಉದ್ದ 29 ಅಡಿ ಎನ್ನುತ್ತಾರೆ. ಹಿಂದೆ ಗಜ ಊರಿಗೊಂದು, ಕಾಲಕ್ಕೊಂದು ಇತ್ತು ಎಂಬುದು ಇತಿಹಾಸ ಬಲ್ಲವರ ಸಮಾಧಾನ. ಮಾಮಾನ ಪ್ರಕಾರ ಉಳಿದ 7 ಅಡಿ ಗುತ್ತಿಗೆದಾರ ತಿಂದ. ಆ ಕಡೆ ಹೋದರೆ ಒಂದು ಟೇಪು ಒಯ್ದು ನೀವೇ ಅಳೆದು ನೋಡಿ.