ಹಳೇ ಚೆಕ್ಕೆಗೆ ಬೆಂಕಿ ಬೇಡ ಭಾವ

ಭಾವ, ಆ ರಾಶಿಗೆ ಬೆಂಕಿ ಹಾಕ್ಬೇಡಿ. ಸ್ವಲ್ಪ ಬೇಲಿ ಹತ್ರ ಬನ್ನಿ, ಹೇಳ್ತೇನೆ.

ಸೌದೆ ಒಡೆದ ಚೆಕ್ಕೆ, ರಬ್ಬರ್ ಗೆಲ್ಲಿನ ತುಂಡು ಎಲ್ಲ ಸೇರಿ ನಾಲ್ಕೈದು ಮಳೆಗಾಲ ಕಂಡ ರಾಶಿ ಅದು. ಮೇಲಿನದ್ದು ಸರಿಸಿ, ಅಡಿಯಿಂದ ಒಂದು ಮುಷ್ಟಿ ತೆಗೆದು ಹಿಂಡಿ ನೋಡಿ. ಕಪ್ಪಗಾಗಿದೆ, ಬೆರಳ ಸಂದಿಯಲ್ಲಿ ನೀರು ಜಿನುಗ್ತದೆ. ಬಿಳಿ ನೂಲಿನ ಹಾಗೆ ಹಬ್ಬಿದ್ದಕ್ಕೆ ಹೆದರ್ಬೇಡಿ, ಸತ್ತ ಮರ ತಿನ್ನುವ ಶಿಲೀಂಧ್ರ ಅದು. ಮರವನ್ನು ಮಣ್ಣು ಮಾಡುವುದೇ ಅದರ ಕೆಲಸ.

ನಿಮ್ಮ ಹೊಳೆಬದಿ ತೋಟಕ್ಕಂತೂ ಈ ಹಳೇ ಚೆಕ್ಕೆ ಬೇಕೇ ಬೇಕು. 2019ರ ಆಗಸ್ಟಿನಲ್ಲಿ ಘಟ್ಟದಿಂದ ಇಳಿದ ನೆರೆ ನಮ್ಮ ನೆರಿಯ, ಚಾರ್ಮಾಡಿ ಕಡೆ ತೋಟಗಳಿಗೆ ಮರಳು ತುಂಬಿಸಿ ಹೋಯ್ತಲ್ಲ. ಮರಳಿನಲ್ಲಿ ನೀರೂ ನಿಲ್ಲುವುದಿಲ್ಲ, ಗೊಬ್ಬರವೂ ನಿಲ್ಲುವುದಿಲ್ಲ. ಗುಡ್ಡೆಯ ಮುರಕಲ್ಲು ಮಣ್ಣಿನ ಸತ್ವವೂ ಇಲ್ಲಿಯ ಮಳೆಗೆ ತೊಳೆದು ಹೋಗ್ತದೆ. ಹಿಂದಿನವರು ತೋಟದ ಪಕ್ಕದ ಕುಮ್ಕಿ ಜಾಗದಿಂದ ಸೊಪ್ಪು ತಂದು, ಹಟ್ಟಿಗೆ ಹಾಕಿ, ದನ ತುಳಿದದ್ದನ್ನು ಅಡಿಕೆ ಬುಡಕ್ಕೆ ಕೊಡ್ತಿದ್ರು. ಈಗ ಸೊಪ್ಪು ಕಡಿಯಲು ಜನ ಎಲ್ಲಿದ್ದಾರೆ, ಹಟ್ಟಿಯಲ್ಲಿ ದನ ಎಷ್ಟಿದ್ದಾವೆ?

ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಒಣ ತೆಂಗಿನ ಮಡಲಿಗೆ 10ಕ್ಕೆ 1 ಪಾಲು ಸೆಗಣಿ ಸೇರಿಸಿ, ಎರೆಹುಳ ಬಿಟ್ಟು ಗೊಬ್ಬರ ಮಾಡಿ ತೋರಿಸಿದ್ದಾರೆ. ಅಷ್ಟು ಗಟ್ಟಿ ಮಡಲೇ ಕರಗುವಾಗ, ಅರ್ಧ ಕುಂಬಾದ ಚೆಕ್ಕೆ ಕರಗದೆ ಇರ್ತದಾ?

ಒಂದು ಎಚ್ಚರ: ಹಸಿ ಚೆಕ್ಕೆಯನ್ನು, ಮರದ ಮಿಲ್ಲಿನ ಹುಡಿಯನ್ನು ಮಣ್ಣಿನೊಳಗೆ ಸೇರಿಸ್ಬೇಡಿ. ಮರದ ಹುಡಿಯಲ್ಲಿ 1 ಪಾಲು ಸಾರಜನಕಕ್ಕೆ ಸುಮಾರು 400 ಪಾಲು ಇಂಗಾಲ ಉಂಟು. ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ಸಾರಜನಕ ಸಾಲದೆ ಮಣ್ಣಿನದ್ದನ್ನೇ ಎಳೆದುಕೊಳ್ತಾವೆ, ಗಿಡ ಹಳದಿಯಾಗ್ತದೆ. ಹಳೇ ಚೆಕ್ಕೆಯಲ್ಲಿ ಆ ಕಾಟ ಕಡಿಮೆ. ಆದ್ರೂ ಅಗೆದು ಮುಚ್ಚುವುದು ಬೇಡ, ಮೇಲೆ ಹರಡಿದರೆ ಸಾಕು. ಮೊದಲು ತೆಳ್ಳಗೆ ಹಟ್ಟಿಗೊಬ್ಬರ, ಅದರ ಮೇಲೆ ನಾಲ್ಕು ಬೆರಳು ದಪ್ಪ ಚೆಕ್ಕೆ, ಬುಡದಿಂದ ಒಂದು ಗೇಣು ಬಿಟ್ಟು. ದೀಪಾವಳಿ ಕಳೆದು ಮಣ್ಣಿನ ಪಸೆ ಆರುವ ಮೊದಲೇ ಆಗ್ಬೇಕು. ಜಡಿಮಳೆಯಲ್ಲಿ ಹಾಕಿದರೆ ಎಲ್ಲ ತೋಡಿಗೆ ಹೋಗ್ತದೆ.

ಒರಲೆ ಬರ್ತದೆ, ಹೌದು. ಅದು ಹುಡುಕುವುದು ಸತ್ತ ಮರವನ್ನು, ಬೆಳೆದ ಅಡಿಕೆಗೆ ಅಷ್ಟು ಚಿಂತೆ ಬೇಡ. ಹೊಸತಾಗಿ ನೆಟ್ಟ ತೆಂಗಿನ ಸಸಿ ಹತ್ರ ಮಾತ್ರ ಹಾಕ್ಬೇಡಿ.

ಮತ್ತೆ, ಅಣಬೆ ರೋಗದಲ್ಲಿ ಸತ್ತ ಅಡಿಕೆ ಮರದ್ದು, ಬೇರುರೋಗ ಬಂದ ರಬ್ಬರ್‌ನದ್ದು ತುಂಡು ಇದ್ರೆ ಆರಿಸಿ ಬೇರೆ ಇಡಿ. ಬೆಂಕಿ ಬೇಕಾದದ್ದು ಅದಕ್ಕೆ. ಉಳಿದದ್ದನ್ನು ಕೊಕ್ಕೋ ಸಾಲಿನಿಂದ ಶುರು ಮಾಡುವ. ಸಾಲದಿದ್ರೆ ನಮ್ಮ ಕೊಟ್ಟಿಗೆ ಹಿಂದೆಯೂ ಒಂದು ರಾಶಿ ಉಂಟು, ಬುಟ್ಟಿಯಲ್ಲಿ ಬೇಲಿ ದಾಟಿಸ್ತೇನೆ.